ಸ್ಕೂಬಾ ಮಾಡಿದ ಕೊಡಗಿನವರು ಯಾರಿದ್ದೀರಿ? ಹವಳದ ದಿಬ್ಬದಲ್ಲಿ ಏನೇನು ನೋಡಿದಿರಿ?

ತೋಟದಕ್ಕ, ನಾಪೋಕ್ಲು
ಅಕ್ಟೋಬರ್ 20, ರಾತ್ರಿ 8.40

ಎಲ್ಲರಿಗೂ ನಮಸ್ಕಾರ. ತಲಕಾವೇರಿಯಲ್ಲಿ ತೀರ್ಥ ತೆಗೆದುಕೊಂಡು ಬಂದು ಮೂರು ದಿನ ಆಯಿತು. ಮಳೆ ಬಿಡುವು ಕೊಟ್ಟಿದೆ. ಕಾಫಿ ಕೊಯ್ಲಿಗೆ ಇನ್ನೂ ಸಮಯ ಇದೆ. ನಮ್ಮಂಥ ತೋಟದವರಿಗೆ ನಾಲ್ಕು ದಿನ ಊರು ಬಿಡಲು ಸಿಗುವುದು ಈಗಲೇ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕೆ ಇಳಿಯುವ ಸ್ಕೂಬಾ ಡೈವಿಂಗ್ ಶುರುವಾಗುವುದೂ ಈಗಲೇ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ 46 ವರ್ಷ. ಮನೆಯಿಂದ ಕಾವೇರಿ ಹೊಳೆ ಅರ್ಧ ಮೈಲಿ. ಆದರೂ ಚಿಕ್ಕಂದಿನಲ್ಲಿ ಒಮ್ಮೆ ಸುಳಿಗೆ ಸಿಕ್ಕಿದ ಮೇಲೆ ಮೊಣಕಾಲಿಗಿಂತ ಜಾಸ್ತಿ ನೀರಿಗೆ ಇಳಿದವಳಲ್ಲ. ಹೋದ ವರ್ಷ ನವೆಂಬರಿನಲ್ಲಿ ಮಗಳು ಹಠ ಹಿಡಿದು ಮುರುಡೇಶ್ವರಕ್ಕೆ ಕರೆದುಕೊಂಡು ಹೋದಳು. ನೇತ್ರಾಣಿ ದ್ವೀಪದ ಪಕ್ಕ ಮೊದಲ ಸಲ ನೀರೊಳಗೆ ಉಸಿರಾಡಿದೆ. ಆಮೇಲೆ ಮನಸ್ಸು ಅಲ್ಲೇ ನಿಂತುಬಿಟ್ಟಿತು. ಏಪ್ರಿಲ್‌ನಲ್ಲಿ ತೋಟಕ್ಕೆ ಹೂಮಳೆ ಬಿದ್ದು ಕೆಲಸ ಹಗುರಾದ ಮೇಲೆ ಅಂಡಮಾನಿನ ಹ್ಯಾವ್‌ಲಾಕ್‌ಗೆ ಹೋದೆವು. ಈಗ ಅದರ ಹೆಸರು ಸ್ವರಾಜ್ ದ್ವೀಪ. ಅಲ್ಲಿ ಓಪನ್ ವಾಟರ್ ಅನ್ನುವ ಡೈವಿಂಗಿನ ಮೊದಲ ಕೋರ್ಸ್ ಮುಗಿಸಿದೆ.

ಅಲ್ಲಿ ಕಂಡ ಒಂದು ಆಮೆಯ ಬಗ್ಗೆ ಹೇಳಲೇಬೇಕು. ಸುಮಾರು 12 ಮೀಟರ್ ಆಳ. ನಾನು ಇನ್‌ಸ್ಟ್ರಕ್ಟರ್ ಹಿಂದೆ ನಿಧಾನಕ್ಕೆ ಹೋಗುತ್ತಿದ್ದೆ. ಹವಳದ ಬಂಡೆಯ ಆಚೆ ಬದಿಯಿಂದ ಯಾರೋ ತೊಗಟೆ ಕಿತ್ತ ಹಾಗೆ ಸಣ್ಣ ಸದ್ದು. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟು ಬೇಗ ಓಡುತ್ತದೆ. ಹಾಗಾಗಿ ಎಲ್ಲಿಂದ ಬಂತು ಅಂತ ಕಿವಿಗೆ ಗೊತ್ತೇ ಆಗುವುದಿಲ್ಲ. ಬಂಡೆ ಸುತ್ತಿ ನೋಡಿದರೆ ಒಂದು ಆಮೆ. ಬಾಯಿ ಗಿಡುಗನ ಕೊಕ್ಕಿನ ಹಾಗೆ ಬಾಗಿದೆ. ಬೆನ್ನಿನ ಚಿಪ್ಪು ಜೇನಿನ ಬಣ್ಣ, ಅಂಚು ಗರಗಸದ ಹಾಗೆ. ಹಾಕ್ಸ್‌ಬಿಲ್ ಆಮೆ ಅಂತಾರೆ. ಇದರ ಮುಖ್ಯ ಆಹಾರ ಸ್ಪಂಜು. ಒಂದು ಮುಂಗೈಯನ್ನು ಬಂಡೆಗೆ ಒತ್ತಿಕೊಂಡು, ತಲೆಯನ್ನು ಸಂದಿಯೊಳಗೆ ತುರುಕಿ, ಹಿಂದಕ್ಕೆ ಜಗ್ಗಿ ಕೀಳುತ್ತಿತ್ತು. ಕಿತ್ತಾಗ ಉದುರುವ ಚೂರುಗಳಿಗೆ ಎರಡು ಏಂಜಲ್ ಮೀನು ಅದರ ಗಲ್ಲದ ಹತ್ತಿರವೇ ಕಾದು ನಿಂತಿದ್ದವು.

ಇನ್‌ಸ್ಟ್ರಕ್ಟರ್ ಕೈ ಅಡ್ಡ ಹಿಡಿದು ನಿಲ್ಲಿಸಿದರು. ನಾನು ಅಲ್ಲೇ ನಿಂತೆ. ಉಸಿರು ಮಾತ್ರ ನಿಧಾನಕ್ಕೆ. ಆಮೆ ಒಮ್ಮೆ ತಿರುಗಿ ನೋಡಿತು. ಕಣ್ಣಿನ ಸುತ್ತಲಿನ ಚರ್ಮದ ನೆರಿಗೆ ನಮ್ಮ ಅಜ್ಜಿಯ ಕೈಯ ಹಾಗೆ ಇತ್ತು. ಮತ್ತೆ ತಿನ್ನತೊಡಗಿತು. ಆರೇಳು ನಿಮಿಷ ಹಾಗೇ ಇದ್ದೆವು. ಆಮೇಲೆ ಅದಕ್ಕೆ ಉಸಿರು ಬೇಕಾಯಿತು. ನನ್ನ ಎಡಗಡೆಯಿಂದ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಿಂದ ಮೇಲೆ ಹೋಯಿತು. ನಾನು ಕೈ ಚಾಚಲಿಲ್ಲ. ಮಾಸ್ಕ್ ಒಳಗೆ ಅಳು ಬಂತು.

ನಾವು ಕಾಡಂಚಿನ ಜನ. ತೋಟಕ್ಕೆ ಆನೆ ಬಂದರೆ ಹೇಗೆ ನಿಲ್ಲಬೇಕು, ಯಾವಾಗ ದಾರಿ ಬಿಡಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಆ ತಿಳಿವಳಿಕೆ ನೀರೊಳಗೂ ಹಾಗೇ ಉಪಯೋಗಕ್ಕೆ ಬರುತ್ತದೆ ಅಂತ ನನಗೆ ಅಲ್ಲಿ ಅನ್ನಿಸಿತು. ಓಡಾಡಿ ಹುಡುಕುವವರಿಗಿಂತ ಸುಮ್ನೆ ನಿಂತವರಿಗೆ ಜಾಸ್ತಿ ಕಾಣುತ್ತದೆ. ನಿಮ್ಮ ಅನುಭವ ಹೇಳಿ. ಹೋಗಬೇಕು ಅಂತ ಇರುವವರು ಏನು ಬೇಕಾದರೂ ಕೇಳಿ.

ಕುಶಾಲನಗರದ ಮೇಷ್ಟ್ರು
ಅಕ್ಟೋಬರ್ 20, ರಾತ್ರಿ 9.25

ಅಕ್ಕ, ಓದಿ ತುಂಬಾ ಸಂತೋಷ ಆಯಿತು. ನನಗೆ 61. ನಿವೃತ್ತನಾಗಿದ್ದೇನೆ. ಮಕ್ಕಳಿಗೆ ಮೂವತ್ತು ವರ್ಷ ಹವಳದ ದ್ವೀಪಗಳ ಪಾಠ ಮಾಡಿದ್ದೇನೆ. ಹವಳವನ್ನು ಕಣ್ಣಾರೆ ನೋಡಿಲ್ಲ. ಅದು ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಈಜು ಅಷ್ಟಕ್ಕಷ್ಟೆ. ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ನನ್ನಂಥವನು ಹೋಗಬಹುದಾ? ಆ ಆಕ್ಸಿಜನ್ ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ? ಕಿವಿ ನೋವು ಬರುತ್ತದೆ ಅಂತಾರಲ್ಲ, ನಿಜವಾ?

ತೋಟದಕ್ಕ, ನಾಪೋಕ್ಲು
ಅಕ್ಟೋಬರ್ 20, ರಾತ್ರಿ 10.05

ಮೇಷ್ಟ್ರೇ, ಸಿಲಿಂಡರಿನಲ್ಲಿ ಇರುವುದು ಆಕ್ಸಿಜನ್ ಅಲ್ಲ. ನಾವು ಈಗ ಉಸಿರಾಡುತ್ತಿರುವ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ. ನಾನೂ ಆಕ್ಸಿಜನ್ ಅಂತಲೇ ಅಂದುಕೊಂಡಿದ್ದೆ. ಎಷ್ಟು ಹೊತ್ತು ಬರುತ್ತದೆ ಅನ್ನುವುದು ನಿಮ್ಮ ಉಸಿರಿನ ಮೇಲೆ ಇದೆ. ಮೊದಲ ದಿನ ಗಾಬರಿಯಲ್ಲಿ ನನ್ನದು ಅರ್ಧ ಗಂಟೆಗೇ ಮುಗಿಯುತ್ತಾ ಬಂತು. ಅಂಡಮಾನಿನಲ್ಲಿ ಅದೇ ಸಿಲಿಂಡರ್ 50 ನಿಮಿಷ ಬಂತು.

ಮೊದಲ ಸಲ ಹೋಗುವವರಿಗೆ ಈಜು ಬರಲೇಬೇಕು ಅಂತ ಇಲ್ಲ. ಒಬ್ಬ ಇನ್‌ಸ್ಟ್ರಕ್ಟರ್ ಜೊತೆಗೇ ಇರುತ್ತಾರೆ. 12 ಮೀಟರಿಗಿಂತ ಕೆಳಗೆ ಕರೆದುಕೊಂಡು ಹೋಗುವುದಿಲ್ಲ. ಕೋರ್ಸ್ ಮಾಡಬೇಕಾದರೆ ಮಾತ್ರ ಈಜು ಬೇಕು. ಅದಕ್ಕಾಗಿ ನಾನು ಐದು ತಿಂಗಳು ಈಜು ಕಲಿತೆ.

ಒಂದೇ ಒಂದು ನಿಯಮ ಎಂದೂ ಮರೆಯಬಾರದು. ನೀರೊಳಗೆ ಉಸಿರು ಹಿಡಿಯಬಾರದು. ಹತ್ತು ಮೀಟರ್ ಕೆಳಗೆ ಒತ್ತಡ ಮೇಲಿನದರ ಎರಡು ಪಟ್ಟು. ಅಲ್ಲಿ ತುಂಬಿದ ಉಸಿರನ್ನು ಹಿಡಿದುಕೊಂಡು ಮೇಲೆ ಬಂದರೆ ಅದು ಎದೆಯೊಳಗೆ ಎರಡು ಪಟ್ಟು ಹಿಗ್ಗುತ್ತದೆ. ಎಳೆದುಕೊಳ್ಳಿ, ಬಿಡಿ. ಎಳೆದುಕೊಳ್ಳಿ, ಬಿಡಿ. ಅಷ್ಟೇ.

ಬಿಪಿ, ಕಿವಿ ವಿಷಯ ನಮ್ಮ ಪೊನ್ನಂಪೇಟೆ ಡಾಕ್ಟ್ರು ಹೇಳಲಿ.

ಪೊನ್ನಂಪೇಟೆ ಡಾಕ್ಟರ್
ಅಕ್ಟೋಬರ್ 21, ಬೆಳಿಗ್ಗೆ 6.50

ಮೇಷ್ಟ್ರೇ, ಬಿಪಿ ಹತೋಟಿಯಲ್ಲಿ ಇದೆಯಾ ಅನ್ನುವುದು ಮುಖ್ಯ. ನಿಮ್ಮ ವಯಸ್ಸಿಗೆ ಹೃದಯದ ತಪಾಸಣೆ ಮಾಡಿಸಿ, ನಿಮ್ಮನ್ನು ನೋಡುವ ವೈದ್ಯರಿಂದ ಬರೆಸಿಕೊಂಡು ಹೋಗಿ. ಡೈವ್ ಮಾಡಿಸುವವರು ಒಂದು ಆರೋಗ್ಯದ ಫಾರ್ಮ್ ಕೊಡುತ್ತಾರೆ. ಅದರಲ್ಲಿ ಏನನ್ನೂ ಮುಚ್ಚಿಡಬೇಡಿ. ಆಸ್ತಮಾ, ಮೂರ್ಛೆ ರೋಗ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಇಳಿಯಲೇಬಾರದು.

ಕಿವಿ ನೋವು ನಿಜ. ಘಾಟಿ ಇಳಿಯುವಾಗ ನಮ್ಮ ಕಿವಿ ಕಟ್ಟುತ್ತದಲ್ಲ, ಅದೇ. ನೀರಿನಲ್ಲಿ ಅದು ಇನ್ನೂ ಜೋರು. ಮೂಗು ಹಿಡಿದು ಮೆಲ್ಲಗೆ ಊದಬೇಕು. ನೋವು ಬಂದ ಮೇಲೆ ಊದುವುದಲ್ಲ, ಬರುವ ಮೊದಲೇ, ಪ್ರತಿ ಅರ್ಧ ಮೀಟರಿಗೆ. ಬಿಡದಿದ್ದರೆ ಸ್ವಲ್ಪ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ನೆಗಡಿ ಇದ್ದ ದಿನ ಹೋಗಲೇಬೇಡಿ. ದುಡ್ಡು ಕಟ್ಟಿದ್ದೇನೆ ಅಂತ ಇಳಿದು ಕಿವಿಯ ತಮಟೆ ಹರಿದುಕೊಂಡವರನ್ನು ನೋಡಿದ್ದೇನೆ.

ಕರಾವಳಿಯಿಂದ ಬಂದ ಸೊಸೆ, ಸೋಮವಾರಪೇಟೆ
ಅಕ್ಟೋಬರ್ 21, ಮಧ್ಯಾಹ್ನ 2.15

ನನ್ನ ತವರು ಭಟ್ಕಳದ ಕಡೆ. ಅಪ್ಪನಿಗೆ ದೋಣಿ ಇತ್ತು. ನೇತ್ರಾಣಿ ಅಂದ ಕೂಡಲೇ ಬರೆಯದೆ ಇರಲು ಆಗಲಿಲ್ಲ.

ಮುರುಡೇಶ್ವರದಿಂದ ದ್ವೀಪಕ್ಕೆ ಸುಮಾರು 19 ಕಿಲೋಮೀಟರ್. ದೋಣಿಯಲ್ಲಿ ಒಂದು, ಒಂದೂವರೆ ಗಂಟೆ. 123 ಅಡಿಯ ಶಿವನ ಮೂರ್ತಿ ಹಿಂದೆ ಹೆಬ್ಬೆರಳಿನಷ್ಟು ಆಗುವವರೆಗೂ ಕಾಣುತ್ತಾ ಇರುತ್ತದೆ. ಮಳೆಗಾಲದಲ್ಲಿ ಡೈವಿಂಗ್ ಇಲ್ಲ. ಅಕ್ಟೋಬರಿನಿಂದ ಮೇ ತನಕ. ಅಕ್ಟೋಬರ್ ಶುರುವಿನಲ್ಲಿ ನೀರು ಇನ್ನೂ ಕದಡಿರಬಹುದು. ನವೆಂಬರ್ ಕೊನೆಯಿಂದ ಚೆನ್ನಾಗಿ ತಿಳಿಯಾಗುತ್ತದೆ.

ದ್ವೀಪದಲ್ಲಿ ಇಳಿಯುವುದಿಲ್ಲ. ಬಂಡೆ ನೇರ ಸಮುದ್ರಕ್ಕೆ ಇಳಿದಿದೆ. ದೋಣಿಯಿಂದಲೇ ನೀರಿಗೆ. ಕತ್ತೆತ್ತಿ ನೋಡಿದರೆ ಬಿಳಿ ಹೊಟ್ಟೆಯ ಕಡಲ ಹದ್ದು ಹಾರುತ್ತಿರುತ್ತದೆ. ಅಂಡಮಾನಿನ ಹಾಗೆ ಹವಳದ ತೋಟ ಇಲ್ಲಿ ಇಲ್ಲ. ದೊಡ್ಡ ದೊಡ್ಡ ಬಂಡೆ, ಅದರ ಮೇಲೆ ಹವಳ. ಆದರೆ ಮೀನು ತುಂಬಾ. ಗಿಳಿ ಮೀನು, ಚಿಟ್ಟೆ ಮೀನು, ಮುರು ಮೀನು, ಬರಕುಡಾ, ಮರಳಿನಲ್ಲಿ ಹುದುಗಿದ ಚಪ್ಪಟೆ ಮೈಯ ತೊರಕೆ ಮೀನು. ಬಂಡೆ ಸಂದಿಯಲ್ಲಿ ಮೊರೆ ಹಾವುಮೀನು ಬಾಯಿ ತೆರೆದು ಮುಚ್ಚಿ ಮಾಡುತ್ತಿರುತ್ತದೆ. ಕಚ್ಚಲು ಬರುತ್ತಿದೆ ಅಂತ ಹೆದರಬೇಡಿ. ಅದು ಉಸಿರಾಡುವುದೇ ಹಾಗೆ. ಸಂದಿಗೆ ಕೈ ಹಾಕಿದವರಿಗೆ ಮಾತ್ರ ಅದರ ಹಲ್ಲಿನ ಪರಿಚಯ.

ನಾನು ಹುಟ್ಟಿದಾಗಿನಿಂದ ಮೀನು ನೋಡಿದವಳು. ಆದರೆ ಬುಟ್ಟಿಯಲ್ಲಿ, ಹಲಗೆ ಮೇಲೆ. ಮದುವೆಯಾಗಿ ಇಲ್ಲಿಗೆ ಬಂದು ಹದಿನೈದು ವರ್ಷದ ಮೇಲೆ ಮೊದಲ ಸಲ ಕೆಳಗೆ ಇಳಿದೆ. ಒಂದು ಮುರು ಮೀನು, ನನ್ನ ತೋಳಿನಷ್ಟು ಉದ್ದ, ಬಂಡೆಯ ಪಕ್ಕ ಬಾಯಿ ಅಗಲಿಸಿ ಅಲುಗಾಡದೆ ನಿಂತಿತ್ತು. ಕಿರುಬೆರಳಷ್ಟು ಉದ್ದದ ನೀಲಿ ಮೀನು, ಮೈಮೇಲೆ ಕಪ್ಪು ಪಟ್ಟೆ, ಅದರ ಬಾಯಿಯೊಳಗೇ ಹೋಯಿತು! ಹಲ್ಲಿನ ಸಂದಿಯಲ್ಲಿ ಹೆಕ್ಕಿತು. ಕಿವಿರಿನಿಂದ ಹೊರಗೆ ಬಂತು, ಮತ್ತೆ ಬಾಯಿಯೊಳಗೆ ನುಗ್ಗಿತು. ಎಮ್ಮೆ ಕಿವಿಯೊಳಗೆ ಗೊರವಂಕ ಕೊಕ್ಕು ಹಾಕಿ ಉಣ್ಣಿ ಹೆಕ್ಕುತ್ತದಲ್ಲ, ಥೇಟ್ ಹಾಗೆ. ದೊಡ್ಡ ಮೀನು ಬಾಯಿ ಮುಚ್ಚುವ ಮೊದಲು ಮೈ ಒಂದು ಸಲ ಕೊಡವಿತು. ಸಣ್ಣದು ಈಚೆ ಬಂತು. ಆಮೇಲೆ ಮುಚ್ಚಿತು. ಹಿಂದೆ ಇನ್ನೂ ಎರಡು ಮೀನು ಸರದಿಗೆ ಕಾದಿದ್ದವು. ಇಷ್ಟು ವರ್ಷ ಮುರು ಮೀನಿನ ಸಾರು ಮಾಡಿದ್ದೇನೆ. ಅದಕ್ಕೆ ಇಂಥದ್ದೊಂದು ಬದುಕು ಇದೆ ಅಂತ ಗೊತ್ತೇ ಇರಲಿಲ್ಲ.

ಹಾಂ, ದೋಣಿಯಲ್ಲಿ ವಾಂತಿ ಬರುವವರು ಹಿಂದಿನ ರಾತ್ರಿ ಜಾಸ್ತಿ ತಿನ್ನಬೇಡಿ. ಬೆಳಿಗ್ಗೆ ಎರಡು ಇಡ್ಲಿ, ಬಾಯಲ್ಲಿ ಒಂದು ಚೂರು ಶುಂಠಿ. ಕಣ್ಣು ದೂರದ ದಡದ ಮೇಲೆ ಇರಲಿ.

ಹಟ್ಟಿಹೊಳೆ ಹುಡುಗ
ಅಕ್ಟೋಬರ್ 21, ಸಂಜೆ 7.30

ಅಕ್ಕಂದಿರೇ, ಹೊಸಬರಿಗೆ ಒಂದು ಮಾತು. ಕೈಸನ್ನೆ ಚೆನ್ನಾಗಿ ಕಲಿತು ಇಳಿಯಿರಿ. ನೇತ್ರಾಣಿಯಲ್ಲಿ ನನಗೆ ಮೊದಲ ಸಲ ತೊರಕೆ ಕಂಡಾಗ ಖುಷಿಗೆ ಹೆಬ್ಬೆರಳು ಎತ್ತಿದೆ. ನೀರೊಳಗೆ ಅದರ ಅರ್ಥ ‘ಮೇಲೆ ಹೋಗೋಣ’. ಇನ್‌ಸ್ಟ್ರಕ್ಟರ್ ನನಗೆ ಏನೋ ತೊಂದರೆ ಆಗಿದೆ ಅಂತ ತಿಳಿದು ಮೇಲೆ ಕರೆದುಕೊಂಡು ಬಂದರು. ಅವರು ಮಾಡಿದ್ದು ಸರಿಯೇ. ಚೆನ್ನಾಗಿದೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು.

ಎರಡನೇ ವಿಷಯ. ಅಂಡಮಾನಿನಲ್ಲಿ ಒಂದು ದೊಡ್ಡ ಮೀನು ನನ್ನ ಫಿನ್ (ಈಜಲು ಕಾಲಿಗೆ ಹಾಕುವ ರಬ್ಬರ್ ರೆಕ್ಕೆ) ಕಚ್ಚಿ ಅಟ್ಟಿಸಿಕೊಂಡು ಬಂತು. ಟ್ರಿಗರ್ ಮೀನು ಅಂದರು. ಮೇಲೆ ಮೇಲೆ ಹೋದರೂ ಬಿಡಲಿಲ್ಲ. ಯಾಕೆ ಅಕ್ಕ?

ತೋಟದಕ್ಕ, ನಾಪೋಕ್ಲು
ಅಕ್ಟೋಬರ್ 21, ರಾತ್ರಿ 8.10

ತಮ್ಮಾ, ಅದು ಟೈಟನ್ ಟ್ರಿಗರ್ ಇರಬೇಕು. ಮರಳಿನಲ್ಲಿ ಗುಳಿ ಮಾಡಿ ಮೊಟ್ಟೆ ಇಟ್ಟಿರುತ್ತದೆ. ಆ ಗುಳಿಯಿಂದ ಮೇಲಕ್ಕೆ, ಕೊಡೆ ತಲೆಕೆಳಗೆ ಹಿಡಿದ ಹಾಗೆ ಅಗಲವಾಗುತ್ತಾ ಹೋಗುವ ಜಾಗವೆಲ್ಲ ತನ್ನದು ಅನ್ನುತ್ತದೆ. ಮೇಲೆ ಹೋದಷ್ಟೂ ನೀನು ಅದರ ಜಾಗದೊಳಗೇ ಇರುತ್ತೀಯ. ಪಕ್ಕಕ್ಕೆ, ಬಂದ ದಾರಿಯಲ್ಲೇ ಹೋಗಬೇಕು. ಮರಿ ಜೊತೆಗಿರುವ ಹೆಣ್ಣಾನೆ ಎದುರಾದರೆ ನಾವು ಏನು ಮಾಡುತ್ತೇವೆ? ಅದರ ಮೇಲೆ ಕೋಪ ಮಾಡುವುದಿಲ್ಲ, ಜಾಗ ಬಿಡುತ್ತೇವೆ ಅಲ್ವಾ?

ಆನೆ ಅಂದಾಗ ನೆನಪಾಯಿತು. ಹ್ಯಾವ್‌ಲಾಕ್‌ನಲ್ಲಿ ರಾಜನ್ ಅಂತ ಒಂದು ಆನೆ ಇತ್ತು. ಮರ ಸಾಗಿಸಲು ತಂದಿದ್ದ ಆನೆ. ಕೆಲಸ ನಿಂತ ಮೇಲೂ ಸಮುದ್ರದಲ್ಲಿ ಈಜುತ್ತಿತ್ತು. 2016ರಲ್ಲಿ ತೀರಿಕೊಂಡಿತು. ನಾನು ಆ ಕಡಲ ತೀರದಲ್ಲಿ ನಿಂತು, ದುಬಾರೆಯಲ್ಲಿ ಹೊಳೆಗೆ ಇಳಿಯುವ ಆನೆಗಳನ್ನು ನೆನೆಸಿಕೊಂಡೆ.

ಸಿದ್ದಾಪುರ ರೋಬಸ್ಟಾ
ಅಕ್ಟೋಬರ್ 22, ಬೆಳಿಗ್ಗೆ 11.00

ಹವಳ ಅಂದರೆ ಕಲ್ಲಾ, ಗಿಡವಾ, ಪ್ರಾಣಿಯಾ? ಬೆಳ್ಳಗಾಗಿ ಸಾಯುತ್ತಿದೆ ಅಂತ ಪೇಪರಿನಲ್ಲಿ ಬರುತ್ತಿರುತ್ತದೆ. ಯಾರಾದರೂ ನಮಗೆ ಅರ್ಥ ಆಗುವ ಹಾಗೆ ಹೇಳಿ.

ವಿರಾಜಪೇಟೆ ಕಡಲ ವಿದ್ಯಾರ್ಥಿ
ಅಕ್ಟೋಬರ್ 22, ಸಂಜೆ 6.20

ಮಾಮ, ನಾನು ಓದುತ್ತಿರುವುದೇ ಇದನ್ನು. ಹವಳ ಪ್ರಾಣಿ. ಅಕ್ಕಿಕಾಳಿನಷ್ಟು ಸಣ್ಣ ಸಣ್ಣ ಜೀವಿಗಳು ಸಾವಿರಗಟ್ಟಲೆ ಒಟ್ಟಿಗೆ ಕೂತು ತಮ್ಮ ಕೆಳಗೆ ಸುಣ್ಣದ ಮನೆ ಕಟ್ಟುತ್ತವೆ. ಆ ಮನೆಯೇ ನಾವು ನೋಡುವ ಕಲ್ಲು. ಜೀವಿಯ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸ ಮಾಡುತ್ತದೆ. ಪಾಚಿ ಬಿಸಿಲಿನಿಂದ ಆಹಾರ ಮಾಡಿ ಹವಳಕ್ಕೆ ಕೊಡುತ್ತದೆ. ಹವಳ ಅದಕ್ಕೆ ಮನೆ ಕೊಡುತ್ತದೆ. ಹವಳಕ್ಕೆ ಕಂದು, ಹಸಿರು ಬಣ್ಣ ಬರುವುದೂ ಹೆಚ್ಚಾಗಿ ಈ ಪಾಚಿಯಿಂದಲೇ.

ನೀರು ಮಾಮೂಲಿಗಿಂತ ಒಂದು ಡಿಗ್ರಿ ಜಾಸ್ತಿ ಬಿಸಿಯಾಗಿ ಕೆಲವು ವಾರ ಹಾಗೇ ಇದ್ದರೆ ಸಾಕು, ಹವಳ ಆ ಪಾಚಿಯನ್ನು ಹೊರಗೆ ಹಾಕುತ್ತದೆ. ಆಗ ಒಳಗಿನ ಬಿಳಿ ಸುಣ್ಣ ಕಾಣುತ್ತದೆ. ಬೆಳ್ಳಗಾದ ಕೂಡಲೇ ಸತ್ತಿಲ್ಲ, ಹಸಿದಿದೆ. ನೀರು ಬೇಗ ತಣ್ಣಗಾದರೆ ಬದುಕುತ್ತದೆ. 1998ರಲ್ಲಿ, 2010ರಲ್ಲಿ, 2014ರಿಂದ 2017ರವರೆಗೆ ಪ್ರಪಂಚದ ತುಂಬಾ ಹೀಗೆ ಆಯಿತು. 2024ರ ಏಪ್ರಿಲ್‌ನಲ್ಲಿ ನಾಲ್ಕನೇ ಸಲ ಅಂತ ವಿಜ್ಞಾನಿಗಳು ಘೋಷಿಸಿದರು. ಆ ವರ್ಷ ನಮ್ಮ ಲಕ್ಷದ್ವೀಪದಲ್ಲೂ ತುಂಬಾ ಹವಳ ಬಿಳಿಯಾಯಿತು. ನೆರಳಿನ ಮರ ಕಡಿದ ಮೇಲೆ ಬೇಸಿಗೆಯಲ್ಲಿ ಅರೇಬಿಕಾ ಗಿಡದ ಎಲೆ ಜೋತುಬೀಳುವುದನ್ನು ನೋಡಿದ್ದೀರಲ್ಲ. ಬೆಳ್ಳಗಾದ ದಿಬ್ಬದ ಮೇಲೆ ಈಜುವಾಗ ನನಗೆ ಹಾಗೇ ಹೊಟ್ಟೆ ಉರಿಯಿತು.

ಒಳ್ಳೆಯದನ್ನೂ ಹೇಳುತ್ತೇನೆ. ಹೂಮಳೆ ಬಿದ್ದು ವಾರ, ಹತ್ತು ದಿನಕ್ಕೆ ನಿಮ್ಮ ರೋಬಸ್ಟಾ ತೋಟವೆಲ್ಲ ಒಂದೇ ಬೆಳಿಗ್ಗೆ ಬೆಳ್ಳಗೆ ಅರಳುತ್ತದೆ ಅಲ್ವಾ? ಹವಳವೂ ಹಾಗೇ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ವರ್ಷಕ್ಕೊಮ್ಮೆ, ಹುಣ್ಣಿಮೆ ಕಳೆದ ಕೆಲವೇ ರಾತ್ರಿಗಳಲ್ಲಿ, ನೂರಾರು ಮೈಲಿ ಉದ್ದಕ್ಕೆ ಹವಳಗಳು ಒಟ್ಟಿಗೆ ಮೊಟ್ಟೆ ಬಿಡುತ್ತವೆ. ಗುಲಾಬಿ ಬಣ್ಣದ ಸಣ್ಣ ಉಂಡೆಗಳು ಮೇಲಕ್ಕೆ ತೇಲುತ್ತವೆ. ರೋಬಸ್ಟಾ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ್ದು ಬೇಕು. ಅದಕ್ಕೇ ಎಲ್ಲ ಒಟ್ಟಿಗೆ ಅರಳುವುದು ಅಷ್ಟು ಮುಖ್ಯ. ಹವಳದ್ದೂ ಅದೇ ಲೆಕ್ಕ.

ದಯವಿಟ್ಟು ಯಾರೂ ಹವಳದ ಚೂರು ತರಬೇಡಿ. ದಡಕ್ಕೆ ಬಿದ್ದ ಸತ್ತ ಚೂರನ್ನೂ ತರಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ, ಆನೆ ಇರುವ ಮೊದಲ ಪಟ್ಟಿಯಲ್ಲೇ ಹವಳವೂ ಇದೆ.

ಕೊಡ್ಲಿಪೇಟೆಯಿಂದ
ಅಕ್ಟೋಬರ್ 22, ರಾತ್ರಿ 9.15

ನಾವು ಹೋಗಿದ್ದಾಗ ದೋಣಿಯವರು ಬಿಸ್ಕತ್ತು ಕೊಟ್ಟರು. ಮೀನು ಮುತ್ತಿಕೊಂಡು ಬಂದವು. ಮಕ್ಕಳಿಗೆ ತುಂಬಾ ಖುಷಿ. ರಾಮನಾಥಪುರದಲ್ಲಿ, ಶಿಶಿಲದಲ್ಲಿ ನಾವು ದೇವರ ಮೀನಿಗೆ ಮಂಡಕ್ಕಿ ಹಾಕುವುದಿಲ್ಲವಾ? ಇದೂ ಹಾಗೇ ಅಲ್ವಾ? ಮೀನಿಗೆ ತಿನ್ನಲು ಕೊಟ್ಟರೆ ತಪ್ಪೇನು?

ಕರಾವಳಿಯಿಂದ ಬಂದ ಸೊಸೆ, ಸೋಮವಾರಪೇಟೆ
ಅಕ್ಟೋಬರ್ 22, ರಾತ್ರಿ 9.50

ಅಣ್ಣಾ, ನಿಮ್ಮ ಮನಸ್ಸು ಒಳ್ಳೆಯದೇ. ರಾಮನಾಥಪುರಕ್ಕೆ ನಾನೂ ಹೋಗಿ ಮಂಡಕ್ಕಿ ಹಾಕಿದ್ದೇನೆ. ಅಲ್ಲಿ ದೇವಸ್ಥಾನದ ಹೆಸರಿನಲ್ಲಿ ಮೀನು ಹಿಡಿಯುವುದು ನಿಂತಿದೆ, ಅದು ದೊಡ್ಡ ಕೆಲಸ. ಆದರೆ ದಿಬ್ಬದ ಲೆಕ್ಕ ಬೇರೆ. ಅಲ್ಲಿ ಒಂದೊಂದು ಮೀನಿಗೂ ಒಂದೊಂದು ಕೆಲಸ ಇದೆ. ಗಿಳಿ ಮೀನು ಹವಳದ ಮೇಲಿನ ಪಾಚಿ ಕೆರೆಯುತ್ತದೆ. ಕೆರೆಯುವಾಗ ಕಲ್ಲನ್ನೂ ನುಂಗಿ ಮರಳು ಮಾಡಿ ಹೊರಗೆ ಬಿಡುತ್ತದೆ. ಕಿವಿಗೊಟ್ಟರೆ ಕರಕರ ಸದ್ದು ಕೇಳುತ್ತದೆ. ಅಂಥ ಮೀನಿಗೆ ಬಿಸ್ಕತ್ತು ರೂಢಿಯಾದರೆ ಪಾಚಿ ಯಾರು ತಿನ್ನಬೇಕು? ಪಾಚಿ ಬೆಳೆದರೆ ಹವಳಕ್ಕೆ ಜಾಗ ಇಲ್ಲ.

ನನಗೆ ಇನ್ನೊಂದು ನೋವು ಇದೆ. ಒಂದು ಸಲ ನಮ್ಮ ಜೊತೆ ಬಂದ ತಂಡದಲ್ಲಿ ಒಬ್ಬರು ಫೋಟೋಗೋಸ್ಕರ ಹವಳದ ಮೇಲೆ ಕಾಲೂರಿ ನಿಂತರು. ಕರೆದುಕೊಂಡು ಹೋದವರೇ ಹಾಗೆ ನಿಲ್ಲಿಸಿದ್ದು. ಲಟಕ್ ಅಂತು. ಆ ಜಾತಿಯ ದುಂಡು ಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರ್ ಆಸುಪಾಸು. ದೋಣಿಗೆ ಬಂದ ಮೇಲೆ ನಾನು ಜಗಳ ಆಡಿದೆ. ಬುಕ್ ಮಾಡುವ ಮೊದಲೇ ಕೇಳಿ: ಮುಟ್ಟಿಸುತ್ತೀರಾ, ತಿನ್ನಿಸುತ್ತೀರಾ? ಹೌದು ಅಂದರೆ ಬೇರೆಯವರನ್ನು ಹುಡುಕಿ.

ಕೊಡ್ಲಿಪೇಟೆಯಿಂದ
ಅಕ್ಟೋಬರ್ 22, ರಾತ್ರಿ 10.10

ಸರಿ ತಂಗಿ. ಗೊತ್ತಿರಲಿಲ್ಲ. ಮಕ್ಕಳಿಗೂ ಹೇಳುತ್ತೇನೆ.

ಮದೆನಾಡು ಘಾಟಿ
ಅಕ್ಟೋಬರ್ 23, ಮಧ್ಯಾಹ್ನ 1.30

ಎಲ್ಲರೂ ಇಳಿಯುವುದರ ಬಗ್ಗೆ ಬರೆದಿದ್ದೀರಿ. ನಾನು ಹತ್ತುವುದರ ಬಗ್ಗೆ ಹೇಳಬೇಕು. ಕೊಡಗಿನವರು ಇದನ್ನು ಓದಲೇಬೇಕು.

ಹೋದ ಫೆಬ್ರವರಿಯಲ್ಲಿ ನೇತ್ರಾಣಿಯಲ್ಲಿ ಬೆಳಿಗ್ಗೆ ಎರಡು ಡೈವ್ ಮಾಡಿದೆ. ಕಾಲು ಗಂಟೆ ಕಾಲ ಒಂದು ಆಮೆಯ ಹಿಂದೆಯೇ ಇದ್ದೆ. ಆ ಖುಷಿಯಲ್ಲಿ ಮಧ್ಯಾಹ್ನ ಊಟ ಮಾಡಿ ಮೂರು ಗಂಟೆಗೆ ಕಾರು ಹತ್ತಿದೆ. ಮರುದಿನ ಆಳುಗಳಿಗೆ ಬಟವಾಡೆ ಇತ್ತು. ಮಂಗಳೂರು, ಪುತ್ತೂರು, ಸುಳ್ಯ ದಾಟಿ ಸಂಪಾಜೆಯಿಂದ ಘಾಟಿ ಹತ್ತುವಾಗ ರಾತ್ರಿ ಒಂಬತ್ತೂವರೆ. ಕೊಯನಾಡು ದಾಟಿದ ಮೇಲೆ ಬಲಮೊಣಕೈ ನೋಯಲು ಶುರುವಾಯಿತು. ಸ್ಟೇರಿಂಗ್ ಹಿಡಿದು ಹಿಡಿದು ಅಂದುಕೊಂಡೆ. ಮನೆಗೆ ಬರುವಷ್ಟರಲ್ಲಿ ಬೆರಳು ಜುಮ್ಮೆನ್ನುತ್ತಿತ್ತು. ಭುಜದ ಮೇಲೆ ಕೆಂಪು ದದ್ದು. ರಾತ್ರಿಯೇ ಆಸ್ಪತ್ರೆಗೆ ಹೋದೆ. ಡೈವಿಂಗ್ ಮಾಡಿ ಬಂದೆ ಅಂದ ಕೂಡಲೇ ಅಲ್ಲಿನವರು ಆಕ್ಸಿಜನ್ ಹಾಕಿದರು. ಬೆಳಗಾಗುವಷ್ಟರಲ್ಲಿ ನೋವು ಇಳಿಯಿತು. ನನ್ನ ಪುಣ್ಯ.

ಡೈವ್ ಮಾಡಿಸಿದವರು ವಿಮಾನ ಹತ್ತಬೇಡಿ ಅಂದಿದ್ದರು. ಬೆಟ್ಟ ಹತ್ತಬೇಡಿ ಅಂತ ಯಾರೂ ಹೇಳಲಿಲ್ಲ.

ಪೊನ್ನಂಪೇಟೆ ಡಾಕ್ಟರ್
ಅಕ್ಟೋಬರ್ 23, ರಾತ್ರಿ 8.00

ಇದನ್ನು ಬರೆದದ್ದಕ್ಕೆ ನಿಮಗೆ ಧನ್ಯವಾದ. ಸುಳ್ಯದಲ್ಲಿ ಕೊಂಡ ಚಿಪ್ಸ್ ಪ್ಯಾಕೆಟ್ ಮಡಿಕೇರಿಗೆ ಬರುವಷ್ಟರಲ್ಲಿ ಬಲೂನಿನ ಹಾಗೆ ಉಬ್ಬಿರುತ್ತದೆ. ನೋಡಿದ್ದೀರಲ್ಲ? ಮೇಲೆ ಬಂದ ಹಾಗೆ ಗಾಳಿಯ ಒತ್ತಡ ಕಡಿಮೆ. ಆಳದಲ್ಲಿ ಉಸಿರಾಡುವಾಗ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಮಾಂಸದಲ್ಲಿ ಕರಗಿ ಉಳಿದಿರುತ್ತದೆ. ಅದು ನಿಧಾನಕ್ಕೆ ಉಸಿರಿನಲ್ಲಿ ಹೋಗಬೇಕು. ಅಷ್ಟರಲ್ಲೇ ಬೆಟ್ಟ ಹತ್ತಿದರೆ ಮೈಯೊಳಗೇ ಗುಳ್ಳೆಗಳಾಗುತ್ತವೆ. ಕೀಲು ನೋವು, ಜುಮ್ಮು, ದದ್ದು, ವಿಪರೀತ ಸುಸ್ತು ಅದರ ಗುರುತು. ಕಾಲಿನ ಶಕ್ತಿ ಹೋಗುವುದೂ ಉಂಟು.

ಸುಮಾರು 600 ಮೀಟರಿಗಿಂತ ಎತ್ತರಕ್ಕೆ ಹೋಗುವುದಾದರೆ, ಒಂದೇ ಡೈವ್ ಮಾಡಿದವರು ಕನಿಷ್ಠ 12 ಗಂಟೆ ಕಾಯಬೇಕು. ಎರಡು ಅಥವಾ ಜಾಸ್ತಿ ಮಾಡಿದವರು 18 ಗಂಟೆ. ಮಡಿಕೇರಿ 1,150 ಮೀಟರ್ ಆಸುಪಾಸು. ಕುಶಾಲನಗರ, ಮೈಸೂರು, ಬೆಂಗಳೂರು ಎಲ್ಲವೂ 600ರ ಮೇಲೆಯೇ. ರಾತ್ರಿ ಮುರುಡೇಶ್ವರದಲ್ಲೋ ಮಂಗಳೂರಿನಲ್ಲೋ ಉಳಿಯಿರಿ. ಸುಳ್ಯ ಕೂಡ ತಗ್ಗಿನಲ್ಲೇ ಇದೆ, ಅಲ್ಲಿ ನೆಂಟರ ಮನೆ ಇದ್ದವರಿಗೆ ಅನುಕೂಲ. ಬೆಳಿಗ್ಗೆ ಗಂಟೆ ಲೆಕ್ಕ ಹಾಕಿ ಹೊರಡಿ. ತೊಂದರೆ ಕಂಡರೆ, ನೋವು ಹೋಯಿತು ಅಂತ ಬಿಡಬೇಡಿ. ಆಕ್ಸಿಜನ್ ಸಿಗುವಲ್ಲಿಗೆ ಹೋಗಿ, ಡೈವಿಂಗ್ ವಿಷಯವನ್ನು ಮೊದಲು ಹೇಳಿ.

ವಿರಾಜಪೇಟೆ ಕಡಲ ವಿದ್ಯಾರ್ಥಿ
ಅಕ್ಟೋಬರ್ 24, ಬೆಳಿಗ್ಗೆ 7.40

ಡಾಕ್ಟ್ರು ಹೇಳಿದ ಮೇಲೆ ವಿಷದ ವಿಷಯವೂ ಸೇರಿಸುತ್ತೇನೆ. ಸಿಂಹ ಮೀನು, ಚೇಳು ಮೀನು, ಕಲ್ಲು ಮೀನು, ಇವುಗಳ ಬೆನ್ನಿನ ಮುಳ್ಳಿನಲ್ಲಿ ವಿಷ ಇದೆ. ಅವು ಬಂದು ಚುಚ್ಚುವುದಿಲ್ಲ. ನಾವು ಮುಟ್ಟಿದರೆ, ಮೆಟ್ಟಿದರೆ ಚುಚ್ಚುತ್ತವೆ. ಚುಚ್ಚಿಸಿಕೊಂಡ ಜಾಗವನ್ನು ಸಹಿಸುವಷ್ಟು ಬಿಸಿ ನೀರಿನಲ್ಲಿ ಇಡಬೇಕು, 45 ಡಿಗ್ರಿಗಿಂತ ಜಾಸ್ತಿ ಬೇಡ. ನೋವು ಕಡಿಮೆಯಾಗುತ್ತದೆ. ಆಮೇಲೆ ಆಸ್ಪತ್ರೆ.

ಅಕ್ಕ ಹೇಳಿದ ‘ಸುಮ್ನೆ ನಿಲ್ಲುವುದು’ ನಿಜ. ನಾನು ಒಂದು ಕಂದು ಬಂಡೆಯನ್ನು ಐದು ನಿಮಿಷ ನೋಡುತ್ತಿದ್ದೆ. ಆ ಬಂಡೆ ಕಣ್ಣು ಬಿಟ್ಟಿತು. ಆಕ್ಟೋಪಸ್! ನನ್ನನ್ನು ನೋಡಿ ಚರ್ಮದ ಮೇಲೆ ಮುಳ್ಳಿನಂಥ ಗುಬುಟು ಎಬ್ಬಿಸಿತು. ಮರಳಿನ ಮೇಲೆ ಜಾರಿದಾಗ ಮೈ ನಯವಾಗಿ ಬಿಳಿಯಾಯಿತು. ಹವಳದ ಹತ್ತಿರ ಹೋಗಿ ಮತ್ತೆ ಕಂದು. ಒಂದೊಂದು ಬದಲಾವಣೆಗೂ ಕಣ್ಣು ಮಿಟುಕಿಸುವಷ್ಟೇ ಹೊತ್ತು. ಅದಕ್ಕೆ ಮೂರು ಹೃದಯ, ರಕ್ತ ನೀಲಿ. ಕೊನೆಗೆ ಒಂದು ಚಿಪ್ಪನ್ನು ಎಳೆದುಕೊಂಡು ತನ್ನ ಬಿಲದ ಬಾಗಿಲು ಮುಚ್ಚಿಕೊಂಡಿತು. ಅದರ ಬಗ್ಗೆ ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದಿದ್ದೆ. ಕಂಡ ದಿನ ಎಲ್ಲ ಮರೆತುಹೋಗಿತ್ತು.

ತೋಟದಕ್ಕ, ನಾಪೋಕ್ಲು
ಅಕ್ಟೋಬರ್ 24, ರಾತ್ರಿ 8.30

ನವೆಂಬರ್ ಕೊನೆಯ ವಾರ ನಾನು, ಮಗಳು ಮತ್ತೆ ನೇತ್ರಾಣಿಗೆ ಹೋಗುತ್ತಿದ್ದೇವೆ. ಕಾರಿನಲ್ಲಿ ಎರಡು ಸೀಟು ಖಾಲಿ ಇದೆ. ಮೇಷ್ಟ್ರೇ, ತಪಾಸಣೆ ಮಾಡಿಸಿದಿರಾ?

ಕುಶಾಲನಗರದ ಮೇಷ್ಟ್ರು
ಡಿಸೆಂಬರ್ 1, ಸಂಜೆ 5.15

ಬಂದು ಎರಡು ದಿನ ಆಯಿತು. ನಿಧಾನಕ್ಕೆ ಬರೆಯೋಣ ಅಂತ ಇದ್ದೆ.

ಡಾಕ್ಟರ್ ಪತ್ರ ಸಿಕ್ಕಿತು. ತೋಟದಕ್ಕನ ಕಾರಿನಲ್ಲೇ ಹೋದೆ. ಮೊದಲ ಡೈವ್‌ನಲ್ಲಿ ಮೂರು ಮೀಟರಿಗೇ ಎಡಗಿವಿ ಬಿಡಲಿಲ್ಲ. ಊದಿದೆ, ಮೇಲೆ ಬಂದೆ, ಮತ್ತೆ ಇಳಿದೆ. ಆಗಲಿಲ್ಲ. ದೋಣಿಗೆ ವಾಪಸ್. ಮನಸ್ಸಿಗೆ ತುಂಬಾ ಬೇಜಾರಾಯಿತು. ಅಕ್ಕ ಬಂದು ಪಕ್ಕದಲ್ಲಿ ಕೂತು ಶುಂಠಿ ಕೊಟ್ಟರು. ಅವಸರ ಬೇಡ ಮೇಷ್ಟ್ರೇ ಅಂದರು. ಒಂದು ಗಂಟೆ ಬಿಟ್ಟು, ಕೈ ಬೆರಳಷ್ಟು ಬೆರಳಷ್ಟೇ ಇಳಿಯುತ್ತಾ ಮತ್ತೆ ಹೋದೆ. ಈ ಸಲ ಚಿರ್ ಅಂತ ಕಿವಿ ಬಿಟ್ಟಿತು.

ಎಂಟು ಮೀಟರ್ ತನಕ ಹೋದೆ. ನನ್ನ ಮಣಿಕಟ್ಟಿನಲ್ಲಿ ದೇವಸ್ಥಾನದ ಕೆಂಪು ದಾರ ಇತ್ತು. ಅದು ಮಂಕಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ನೀರು ಮೊದಲು ನುಂಗುವುದು ಕೆಂಪು ಬೆಳಕನ್ನು ಅಂತ ಮಕ್ಕಳಿಗೆ ಹೇಳಿಕೊಟ್ಟದ್ದು ನಾನೇ. ನನ್ನ ಕೈಯ ಮೇಲೆ ನೋಡಿದ್ದು ಅವತ್ತೇ.

ಆಮೆ ಬರಲಿಲ್ಲ. ಆಕ್ಟೋಪಸ್ ಬರಲಿಲ್ಲ. ಇನ್‌ಸ್ಟ್ರಕ್ಟರ್ ಬಂಡೆಯ ಹತ್ತಿರ ನಿಲ್ಲಿಸಿ ಹವಳದ ಒಂದು ಗಡ್ಡೆ ತೋರಿಸಿದರು. ನಾನು ಮುಖ ಹತ್ತಿರ ತಂದು ನಿಂತೆ. ಸಣ್ಣ ಸಣ್ಣ ಬಟ್ಟಲುಗಳು, ಸಾಲು ಸಾಲು. ಕೆಲವು ಬಟ್ಟಲಿನಿಂದ ಎಳೆಯಂಥ ಬೆರಳುಗಳು ಹೊರಗೆ ಬಂದಿದ್ದವು. ನನ್ನ ಉಸಿರಿನ ಗುಳ್ಳೆಯ ಅಲೆ ತಾಗಿದ ಕೂಡಲೇ ಒಂದೊಂದಾಗಿ ಒಳಗೆ ಹೋದವು. ನಾನು ಸುಮ್ನೆ ಇದ್ದೆ. ಸ್ವಲ್ಪ ಹೊತ್ತಿಗೆ ಒಂದು ಹೊರಗೆ ಬಂತು. ಆಮೇಲೆ ಇನ್ನೊಂದು. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚಿತ್ರ ಅದು. ಅದು ನನ್ನನ್ನು ಕಂಡು ಹೆದರಿತು, ಆಮೇಲೆ ಹೆದರಿಕೆ ಬಿಟ್ಟಿತು.

ರಾತ್ರಿ ಮುರುಡೇಶ್ವರದಲ್ಲೇ ಉಳಿದೆವು. ಮರುದಿನ ಬೆಳಿಗ್ಗೆ ತಿಂಡಿ ತಿಂದು ಹೊರಟು, ಸುಳ್ಯದಲ್ಲಿ ಊಟ ಮಾಡಿ, ಮೂರು ಗಂಟೆಯ ಮೇಲೆ ಸಂಪಾಜೆ ಘಾಟಿ ಹತ್ತಿದೆವು. ಅಕ್ಕನ ಮಗಳು ಸುಳ್ಯದಲ್ಲಿ ಒಂದು ಚಿಪ್ಸ್ ಪ್ಯಾಕೆಟ್ ಕೊಂಡು ಡ್ಯಾಶ್‌ಬೋರ್ಡ್ ಮೇಲೆ ಇಟ್ಟಿದ್ದಳು. ಮದೆನಾಡು ದಾಟುವಾಗ ಗಟ್ಟಿಯಾಗಿ ಉಬ್ಬಿತ್ತು.